ಫ್ಯಾನಿಗೆ ಮೂರು ರೆಕ್ಕೆ

ಹೋದ ತಿಂಗಳು ಎತ್ತಿನಗಾಡಿಯ ಚಕ್ರ ಬರೆದು ಕಳಿಸಿ ಎಂದಿದ್ದೆ. ಬಂದ ಚಕ್ರಗಳಲ್ಲಿ ಅರ್ಧದಷ್ಟು ದೋಸೆಯ ಹಾಗಿದ್ದವು. ಪರವಾಗಿಲ್ಲ ಮಕ್ಕಳೇ, ನಾನು ನಿಮ್ಮ ವಯಸ್ಸಿನಲ್ಲಿ ಬರೆದ ಚಕ್ರಗಳು ಹಪ್ಪಳದ ಹಾಗಿರುತ್ತಿದ್ದವು. ಆ ಕಟ್ಟಿನ ಜೊತೆ ಒಬ್ಬ ಅಜ್ಜಿಯ ಪತ್ರವೂ ಬಂದಿತ್ತು. ಅವರ ಊರಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದಿವೆಯಂತೆ. ನಾಲ್ಕನೇ ತರಗತಿಯ ಮೊಮ್ಮಗ ದಿನವೂ ಸಂಜೆ ಹಾಳೆ ಪೆನ್ಸಿಲ್ ಹಿಡಿದು ಬಂದು, 'ಅಜ್ಜಿ, ಫ್ಯಾನು ಬರೆದುಕೊಡು' ಎಂದು ಜೀವ ತಿನ್ನುತ್ತಾನಂತೆ. 'ನನಗೆ ರಂಗೋಲಿ ಬಿಟ್ಟರೆ ಬೇರೇನೂ ಬರೆಯಲು ಬರುವುದಿಲ್ಲ ಮೇಷ್ಟ್ರೇ, ನಾನೇನು ಮಾಡಲಿ?' ಎಂದು ಕೇಳಿದ್ದಾರೆ.

ಅಜ್ಜಿಯವರೇ, ರಂಗೋಲಿ ಬಂದರೆ ಗಾಳಿಯಂತ್ರ ಬಂದ ಹಾಗೆಯೇ. ನಡುವೆ ಒಂದು ಚುಕ್ಕಿ ಇಟ್ಟು, ಅದರ ಸುತ್ತ ಸಮನಾಗಿ ಎಸಳು ಎಳೆಯುವುದನ್ನು ನೀವು ಎಷ್ಟು ಸಾವಿರ ಸಲ ಮಾಡಿದ್ದೀರೋ! ಅದೇ ಕೆಲಸ ಇದು. ಎಸಳು ಮಾತ್ರ ಮೂರೇ.

ಮೊದಲು ನಿಮ್ಮ ಕೈಯ ಒಂದು ಬಳೆ ತೆಗೆದುಕೊಡಿ. ಗಾಜಿನದಾದರೆ ಮೊಮ್ಮಗನ ಕೈಗೆ ಕೊಡುವ ಮೊದಲು ಎರಡು ಸಲ ಯೋಚಿಸಿ. ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ, ಮೇಲ್ಭಾಗದಲ್ಲಿ ಬಳೆ ಇಟ್ಟು, ಅದರ ಸುತ್ತ ಪೆನ್ಸಿಲನ್ನು ಒತ್ತದೆ ಹಗುರವಾಗಿ ಓಡಿಸಬೇಕು. ಆಮೇಲೆ ಅಳಿಸುವ ಗೆರೆ ಅದು. ಈಗ ಆ ಸುತ್ತನ್ನು ಗೋಡೆ ಗಡಿಯಾರ ಎಂದುಕೊಳ್ಳಿ. 12 ಎಲ್ಲಿರುತ್ತದೋ ಅಲ್ಲೊಂದು ಚುಕ್ಕಿ, 4 ಇರುವಲ್ಲಿ ಒಂದು, 8 ಇರುವಲ್ಲಿ ಇನ್ನೊಂದು. ನಡುವಿನ ಚುಕ್ಕಿಯಿಂದ ಈ ಮೂರಕ್ಕೂ ಗೆರೆ ಎಳೆದರೆ ರೆಕ್ಕೆಗಳ ಜಾಗ ಸಿಕ್ಕಿತು. ಕೋನಮಾಪಕ ಬೇಡ, ಲೆಕ್ಕ ಬೇಡ. ಪಕ್ಕದಲ್ಲಿ ಇನ್ನೊಂದು ಯಂತ್ರ ಬರೆಯುವುದಾದರೆ ಅದಕ್ಕೆ 1, 5, 9 ಇಡಿ. ಮೂರನೆಯದಕ್ಕೆ 2, 6, 10. ಒಂದೇ ಗುಡ್ಡದ ಮೇಲಿನ ಯಂತ್ರಗಳು ಸಿಪಾಯಿಗಳ ಹಾಗೆ ಒಂದೇ ಭಂಗಿಯಲ್ಲಿ ನಿಲ್ಲುವುದಿಲ್ಲ. ಒಂದೊಂದೂ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ಇದೊಂದು ಮಾಡಿದರೆ ಸಾಕು, ಚಿತ್ರಕ್ಕೆ ಜೀವ ಬರುತ್ತದೆ.

ಹೈಸ್ಕೂಲಿನ ಮಕ್ಕಳಿಗೆ ಬಳೆ ಕೇಳಲು ನಾಚಿಕೆ ಎನ್ನಿಸಿದರೆ ಕೈವಾರ ತೆಗೆದುಕೊಳ್ಳಿ. ವೃತ್ತ ಎಳೆದ ಮೇಲೆ ಕೈವಾರದ ಅಗಲ ಬದಲಿಸದೆ ಅದೇ ವೃತ್ತದ ಮೇಲೆ ಹೆಜ್ಜೆ ಇಡುತ್ತಾ ಹೋಗಿ. ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೇ ಬರುತ್ತೀರಿ. ಆರರಲ್ಲಿ ಒಂದು ಬಿಟ್ಟು ಒಂದು ಗುರುತು ಹಿಡಿದರೆ ಮೂರು ರೆಕ್ಕೆ.

ರೆಕ್ಕೆಯ ಆಕಾರದಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ. ಮನೆಯ ಸೀಲಿಂಗ್ ಫ್ಯಾನಿನ ರೆಕ್ಕೆಯ ಹಾಗೆ ಉದ್ದಕ್ಕೂ ಒಂದೇ ಅಗಲ ಬರೆದುಬಿಡುತ್ತಾರೆ. ಗಾಳಿಯಂತ್ರದ ರೆಕ್ಕೆ ಹಾಗಿಲ್ಲ. ಗುಂಬಕ್ಕೆ ಸೇರುವಲ್ಲಿ ಕೊಳವೆಯಂತೆ ಗುಂಡಗೆ, ಸ್ವಲ್ಪ ಮುಂದೆ ಹೋದೊಡನೆ ಅಗಲ, ಅಲ್ಲಿಂದ ತುದಿಯವರೆಗೆ ಸಣ್ಣಗಾಗುತ್ತಾ ಹೋಗುತ್ತದೆ. ಹದ್ದಿನ ಒಂದು ಗರಿ ಸಿಕ್ಕರೆ ಎದುರಿಗಿಟ್ಟುಕೊಳ್ಳಿ, ಹತ್ತಿರ ಹತ್ತಿರ ಅದೇ ಆಕಾರ. ಕಂಬವೂ ಅಷ್ಟೇ, ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ರೆಕ್ಕೆಯ ಉದ್ದ ಕಂಬದ ಎತ್ತರದ ಅರ್ಧಕ್ಕೆ ಹತ್ತಿರ ಇರಲಿ.

ಇನ್ನು ಬುಡದಲ್ಲಿ ಮನುಷ್ಯನನ್ನು ನಿಲ್ಲಿಸದಿದ್ದರೆ ನೀವು ಬರೆದದ್ದು ಟೇಬಲ್ ಫ್ಯಾನೋ ಗಾಳಿಯಂತ್ರವೋ ಗೊತ್ತಾಗುವುದಿಲ್ಲ. ಈಗಿನ ಯಂತ್ರಗಳ ಕಂಬ 100 ಮೀಟರಿಗಿಂತ ಎತ್ತರ ಇರುವುದುಂಟು. ನಿಮ್ಮ ಹಾಳೆಯಲ್ಲಿ 20 ಸೆಂಟಿಮೀಟರ್ ಎತ್ತರದ ಕಂಬ ಬರೆದು ಅದು 100 ಮೀಟರ್ ಎಂದುಕೊಂಡರೆ, ಪಕ್ಕದಲ್ಲಿ ನಿಂತ ಮನುಷ್ಯ ಎಷ್ಟು ಎತ್ತರ ಇರಬೇಕು? ಲೆಕ್ಕ ಹಾಕಿ ನೋಡಿ. ಮೂರೂವರೆ ಮಿಲಿಮೀಟರ್ ಕೂಡ ಇಲ್ಲ, ಒಂದು ಎಳ್ಳುಕಾಳಿನಷ್ಟು! ನಾನು ಮಕ್ಕಳಿಗೆ ಹಾಳೆಯ ಮೇಲೆ ನಿಜವಾಗಿಯೂ ಒಂದು ಎಳ್ಳುಕಾಳು ಇಟ್ಟು ತೋರಿಸುತ್ತಿದ್ದೆ. ಆಗ ಅವರ ಕಣ್ಣು ಮೇಲಿನ ತುದಿಗೆ ಹೋಗಿ ಮತ್ತೆ ಕೆಳಗಿಳಿಯುವುದನ್ನು ನೋಡಬೇಕು.

ದೂರದಿಂದ ಅದು ಸೋಮಾರಿಯಂತೆ ತಿರುಗುವ ಹಾಗೆ ಕಾಣುತ್ತದಲ್ಲ? ಅದಕ್ಕೂ ಒಂದು ಲೆಕ್ಕ ಮಾಡೋಣ. ರೆಕ್ಕೆಯ ಉದ್ದ 50 ಮೀಟರ್, ನಾಲ್ಕು ಸೆಕೆಂಡಿಗೆ ಒಂದು ಸುತ್ತು ಎಂದಿಟ್ಟುಕೊಳ್ಳಿ. ತುದಿ ಒಂದು ಸುತ್ತಿಗೆ ಓಡುವ ದಾರಿ ಸುಮಾರು 314 ಮೀಟರ್. ಅಂದರೆ ಸೆಕೆಂಡಿಗೆ 78 ಮೀಟರ್, ಗಂಟೆಗೆ 280 ಕಿಲೋಮೀಟರ್! ನಮ್ಮ ಯಾವ ಬಸ್ಸೂ ಅಷ್ಟು ಓಡುವುದಿಲ್ಲ. ಹತ್ತಿರ ಹೋದರೆ ಪ್ರತಿ ರೆಕ್ಕೆಯೂ 'ಹುಶ್' ಎಂದು ಗಾಳಿ ಸೀಳುವುದು ಕೇಳಿಸುತ್ತದೆ.

ಬಣ್ಣದ ಮಾತು ಬಂದಾಗ ಮಕ್ಕಳು ಕೇಳುತ್ತಾರೆ, 'ಬಿಳಿ ಹಾಳೆ ಮೇಲೆ ಬಿಳಿ ಯಂತ್ರ ಹೇಗೆ ಬರೆಯೋದು ಸಾ?' ಯಂತ್ರಕ್ಕೆ ಬಣ್ಣ ಹಚ್ಚಬೇಡಿ, ಆಕಾಶಕ್ಕೆ ಹಚ್ಚಿ. ಪೆನ್ಸಿಲಿನ ಪುಡಿಯನ್ನು ಬೆರಳಲ್ಲಿ ತೀಡಿ ಆಷಾಢದ ಮೋಡ ಮಾಡಿ. ರೆಕ್ಕೆ ತಾನಾಗಿ ಬೆಳ್ಳಗೆ ಎದ್ದು ನಿಲ್ಲುತ್ತದೆ.

ಇಷ್ಟು ಹೇಳಿಕೊಟ್ಟರೂ ಕ್ಲಾಸಿನಲ್ಲಿ 'ಗಾಳಿಯಂತ್ರ ಬರೆಯಿರಿ' ಎಂದರೆ ನಾಲ್ಕಾರು ಮಕ್ಕಳು ಬೇರೆಯೇ ಏನನ್ನೋ ಬರೆಯುತ್ತಾರೆ. ಒಂದು ಗುಡಿಸಲಿನಂಥ ಗೋಪುರ, ಅದರ ಮೂತಿಗೆ ನಾಲ್ಕು ಏಣಿ ಕಟ್ಟಿದಂಥ ರೆಕ್ಕೆ. ಅಂಗಡಿಯಲ್ಲಿ ಸಿಗುವ ಡ್ರಾಯಿಂಗ್ ಪುಸ್ತಕದಲ್ಲಿ ಇರುವುದು ಅದೇ. ಅದು ನೆದರ್ಲೆಂಡ್ಸ್ ದೇಶದ ಯಂತ್ರ. ಬರೆಯಬಾರದು ಅಂತಲ್ಲ. ಆದರೆ ಬರೆಯುವುದಾದರೆ ಅದನ್ನೂ ಸರಿಯಾಗಿ ತಿಳಿದೇ ಬರೆಯೋಣ.

ಆ ದೇಶದ ಬಹಳಷ್ಟು ನೆಲ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಮಳೆ ಬಂದರೆ ನೀರು ಹರಿದುಹೋಗಲು ದಾರಿಯೇ ಇಲ್ಲ, ಎತ್ತಿ ಹೊರಗೆ ಹಾಕಬೇಕು. ಆ ಕೆಲಸವನ್ನು ನೂರಾರು ವರ್ಷ ಗಾಳಿಯ ಕೈಲಿ ಮಾಡಿಸಿದರು. ಕಿಂಡರ್‌ಡೈಕ್ ಎಂಬಲ್ಲಿ ಅಂಥ 19 ಯಂತ್ರಗಳು ಕಾಲುವೆಯ ದಂಡೆಯಲ್ಲಿ ಸಾಲಾಗಿ ಇಂದಿಗೂ ನಿಂತಿವೆ. ಹೆಚ್ಚಿನವು 1740ರ ಆಸುಪಾಸಿನವು. 1997ರಲ್ಲಿ ಯುನೆಸ್ಕೋ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ನಮ್ಮ ಹಂಪೆ ಇರುವ ಪಟ್ಟಿಗೇ. ಬೇರೆ ಕೆಲವು ಯಂತ್ರಗಳು ಕಾಳು ಬೀಸುತ್ತಿದ್ದವು, ಮರ ಕೊಯ್ಯುತ್ತಿದ್ದವು. ರೆಂಬ್ರಾಂಟ್ ಎಂಬ ದೊಡ್ಡ ಚಿತ್ರಗಾರನ ಹೆಸರು ಕೇಳಿದ್ದೀರಲ್ಲ? ಅವನ ಅಪ್ಪ ಗಾಳಿಗಿರಣಿಯವನು.

ಅದನ್ನು ಬರೆಯುವಾಗ ಗಡಿಯಾರದ 12, 3, 6, 9 ಹಿಡಿಯಿರಿ. ರೆಕ್ಕೆ ಎಂದರೆ ಒಂದು ಉದ್ದನೆಯ ತೊಲೆ, ಅದರ ಒಂದು ಮಗ್ಗುಲಿಗೆ ಏಣಿಯಂಥ ಜಾಲರಿ. ಆ ಜಾಲರಿಯ ಮೇಲೆ ಬಟ್ಟೆ ಹರಡಿ ಗಾಳಿ ಹಿಡಿಯುತ್ತಿದ್ದರು. ಮಕ್ಕಳು ತೊಲೆಯ ಎರಡೂ ಕಡೆ ಸಮನಾಗಿ ಏಣಿ ಬರೆಯುತ್ತಾರೆ, ಅದು ತಪ್ಪು. ಆ ಹಳೆಯ ಯಂತ್ರಗಳು ಎದುರಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತವೆ. ನಮ್ಮ ಗುಡ್ಡದ ಮೇಲಿನ ಈಗಿನ ಯಂತ್ರಗಳು ಗಡಿಯಾರದ ಮುಳ್ಳಿನ ಹಾಗೆಯೇ ತಿರುಗುತ್ತವೆ. ಅಗಲವಾದ ಜಾಲರಿ ತೊಲೆಯ ಹಿಂದೆ ಬರಬೇಕು. ಹಾಗಾಗಿ ಮೇಲೆ ನೆಟ್ಟಗೆ ನಿಂತ ರೆಕ್ಕೆಯಲ್ಲಿ ಜಾಲರಿ ಬಲಗಡೆ ಬರೆಯಿರಿ. ಉಳಿದ ಮೂರಕ್ಕೆ ಹಾಳೆ ತಿರುಗಿಸಿ ಹಾಗೇ ಬರೆದರಾಯಿತು.

ಅಲ್ಲಿನ ಗಿರಣಿಯವರ ಒಂದು ಪದ್ಧತಿ ನನಗೆ ಬಹಳ ಇಷ್ಟ. ಯಂತ್ರ ನಿಲ್ಲಿಸುವಾಗ ರೆಕ್ಕೆ ಎಲ್ಲಿ ನಿಂತಿದೆ ಎಂಬುದರಿಂದಲೇ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಮೇಲೇರುವ ರೆಕ್ಕೆ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ನಿಂತಿದ್ದರೆ ಮನೆಯಲ್ಲಿ ಸಂತೋಷ, ಮಗು ಹುಟ್ಟಿದೆ ಅಥವಾ ಮದುವೆ ಇದೆ. ತುದಿ ದಾಟಿ ಸ್ವಲ್ಪ ಇಳಿದು ನಿಂತಿದ್ದರೆ ಸಾವು. ಹೊಲದಾಚೆಯಿಂದ ನೋಡಿದವರು ಕೆಲಸ ಬಿಟ್ಟು ಬರುತ್ತಿದ್ದರು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗಿ ಥಟ್ಟನೆ ಅಂದಳು, 'ನಮ್ಮಲ್ಲೂ ಹಂಗೇ ಸಾ, ಸಾವಾದ ಮನೆ ಮುಂದೆ ರಂಗೋಲಿ ಇರಲ್ಲ.' ನನಗೆ ಅದು ಹೊಳೆದಿರಲಿಲ್ಲ.

ನನಗೆ ಹೊಳೆಯದೆ ಹೋದದ್ದು ಇನ್ನೊಂದಿದೆ. ಈ ವಾರ ಗಾಳಿಯಂತ್ರದ ಮಾತು ಎತ್ತಿದ ಮೇಲೆ ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಸುಮಾರು 15 ವರ್ಷದ ಹಿಂದೆ ನಾನು ಚಿತ್ರದುರ್ಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಆ ಕಡೆ ಗಾಳಿ ಹೆಚ್ಚು. ಜೋಗಿಮಟ್ಟಿಯ ಸಾಲಿನಲ್ಲಿ, ಸುತ್ತಲ ಬೋಳುಗುಡ್ಡಗಳ ನೆತ್ತಿಯಲ್ಲಿ ಎಲ್ಲಿ ನೋಡಿದರೂ ಬಿಳಿ ಯಂತ್ರಗಳು. ಊರವರು ಅವನ್ನು 'ಫ್ಯಾನು' ಎಂದೇ ಕರೆಯುವುದು. ಒಂದು ಕಿರುಪರೀಕ್ಷೆಗೆ ಎಂಟನೇ ತರಗತಿಯವರಿಗೆ ವಿಷಯ ಕೊಟ್ಟೆ: 'ನಿಮ್ಮ ಮನೆಯಿಂದ ಕಾಣುವ ಒಂದು ನೋಟ.'

ನೀವೇ ಊಹಿಸಬಲ್ಲಿರಿ. ನಲವತ್ತು ಹಾಳೆಯಲ್ಲಿ ಮೂವತ್ತರಷ್ಟು ಒಂದೇ ಚಿತ್ರ. ಎರಡು ಬೆಟ್ಟ, ನಡುವೆ ಹಲ್ಲು ಬಿಟ್ಟ ಸೂರ್ಯ, ಕೆಳಗೆ ಹೊಳೆ, ದೋಣಿ, ತೆಂಗಿನ ಮರ. ನಮ್ಮ ಊರಲ್ಲಿ ಹೊಳೆ ಎಲ್ಲಿಂದ ಬರಬೇಕು? ಇದ್ದ ಕೆರೆಯಲ್ಲೇ ಆ ವರ್ಷ ನೀರಿರಲಿಲ್ಲ. ಆದರೂ ಚೆನ್ನಾಗಿ ಬಣ್ಣ ತುಂಬಿದವರಿಗೆ ಏಳು, ಎಂಟು ಎಂದು ಹಾಕುತ್ತಾ ಹೋದೆ.

ಒಂದು ಹಾಳೆಯಲ್ಲಿ ಮಾತ್ರ ಕೆಳಗಿನಿಂದ ಮೇಲಿನವರೆಗೆ ಒಂದು ಕಂಬ. ಕಂಬದ ತುದಿಗೆ ಬೆಂಕಿಪೊಟ್ಟಣ ಅಡ್ಡ ಇಟ್ಟ ಹಾಗೆ ಒಂದು ಡಬ್ಬ. ಡಬ್ಬದ ಎಡತುದಿಗೆ ಮೇಲಕ್ಕೊಂದು ಉದ್ದನೆಯ ಗೆರೆ, ಕೆಳಕ್ಕೆ ಅದರ ಅರ್ಧದಷ್ಟು ಇನ್ನೊಂದು ಗೆರೆ. ಅಷ್ಟೇ. ಬುಡದಲ್ಲಿ ಹುಲ್ಲೆಲ್ಲ ಬಲಕ್ಕೆ ಬಾಗಿತ್ತು. ಬಣ್ಣ ಇಲ್ಲ, ಸೂರ್ಯ ಇಲ್ಲ.

ಹುಡುಗನನ್ನು ಎದ್ದು ನಿಲ್ಲಿಸಿದೆ.

'ಏನಿದು?'

'ಫ್ಯಾನು ಸಾ.'

'ಫ್ಯಾನಿಗೆ ಎಷ್ಟು ರೆಕ್ಕೆ?'

'ಮೂರು ಸಾ.'

'ನೀನು ಬರೆದಿರೋದು ಎರಡು. ಅದರಲ್ಲೂ ಒಂದು ಮೊಂಡು. ಇನ್ನೊಂದನ್ನ ನಾಯಿ ಎತ್ತಿಕೊಂಡು ಹೋಯ್ತೇನೋ?'

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಕ್ಕಳು ನಕ್ಕಾಗ ಮೇಷ್ಟ್ರಿಗೆ ಒಂದು ಸಣ್ಣ ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಹುಡುಗ ತಲೆ ತಗ್ಗಿಸಿ, 'ಹಂಗೇ ಕಾಣ್ತೈತೆ ಸಾ' ಎಂದ. ನಾನು ಕೇಳಿಸಿಕೊಳ್ಳಲಿಲ್ಲ. ಅಥವಾ ಕೇಳಿಸಿತು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಂಪು ಮಸಿಯಲ್ಲಿ ಹಾಳೆಯ ಮೇಲ್ತುದಿಗೆ ದೊಡ್ಡದಾಗಿ 3 ಎಂದು ಬರೆದು ಸುತ್ತ ಒಂದು ಸೊನ್ನೆ ಸುತ್ತಿ ಕೊಟ್ಟೆ. ಹತ್ತಕ್ಕೆ ಮೂರು.

ಮುಂದಿನ ಪರೀಕ್ಷೆಯಲ್ಲಿ ಆ ಹುಡುಗ ಎರಡು ಬೆಟ್ಟ, ಸೂರ್ಯ, ಹೊಳೆ, ದೋಣಿ ಬರೆದ. ನಾನು ಏಳು ಹಾಕಿದೆ.

ಅದಾಗಿ ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ನಮ್ಮ ಭಾವ ಬಂದರು. ಗಾಳಿಯಂತ್ರವನ್ನು ಹತ್ತಿರದಿಂದ ನೋಡಬೇಕೆಂದು ಅವರಿಗೆ ಆಸೆ. ಒಂದು ಭಾನುವಾರ ಸ್ಕೂಟರಿನಲ್ಲಿ ಇಬ್ಬರೂ ಮಣ್ಣುದಾರಿ ಹಿಡಿದು ಗುಡ್ಡ ಹತ್ತಿದೆವು. ಮೇಲೆ ಹೋಗುವಷ್ಟರಲ್ಲಿ ಜಡಿಮಳೆ ಹಿಡಿಯಿತು. ಅಲ್ಲೊಂದು ತಗಡಿನ ಶೆಡ್ಡು, ಕಾವಲುಗಾರನದು. ಓಡಿಹೋಗಿ ಒಳಗೆ ನಿಂತೆವು. ಬಾಗಿಲಲ್ಲಿ ನಮ್ಮ ಹುಡುಗ!

ಕಾವಲುಗಾರ ಅವನ ಅಜ್ಜ. ಅಪ್ಪ ಅಮ್ಮ ಕಾಫಿತೋಟದ ಕೂಲಿಗೆ ಘಟ್ಟಕ್ಕೆ ಹೋಗಿದ್ದರಂತೆ, ಹುಡುಗ ಅಜ್ಜನ ಜೊತೆ ಆ ಶೆಡ್ಡಿನಲ್ಲೇ ಇದ್ದ. ಅದೇ ಅವನ ಮನೆ. ಅಜ್ಜ ನಮ್ಮನ್ನು ಚಾಪೆ ಹಾಸಿ ಕೂರಿಸಿದರು. 'ಬನ್ನಿ ಮೇಷ್ಟ್ರೇ, ಕುಂತ್ಕಳಿ. ನಮ್ಮ ಹುಡುಗ ನಿಮ್ಮ ಸುದ್ದಿ ಹೇಳ್ತಿರ್ತಾನೆ' ಎಂದರು. ಏನು ಹೇಳಿರಬಹುದು ಎಂದು ನನಗೆ ಎದೆ ಸ್ವಲ್ಪ ಡವಗುಟ್ಟಿತು.

ಆಗ ಗೋಡೆ ನೋಡಿದೆ. ಅನ್ನದ ಅಗುಳಿನಿಂದ ಅಂಟಿಸಿದ್ದ ಆ ಚಿತ್ರ. ಮೇಲ್ತುದಿಯಲ್ಲಿ ನನ್ನ ಕೆಂಪು 3.

ಅಜ್ಜ ನನ್ನ ಕಣ್ಣು ಹೋದ ಕಡೆ ನೋಡಿ ಹಿಗ್ಗಿದರು. 'ನಂಗೆ ಅಕ್ಷರ ಬರಲ್ಲ ಮೇಷ್ಟ್ರೇ, ಅಂಕಿ ಗೊತ್ತಾಗ್ತೈತೆ. ನೀವೇ ಬರ್ದಿದ್ದಂತೆ ಅದು. ಇವ್ನೇ ಹೇಳ್ದ. ಈ ಕಡಿಂದ ನೋಡಿದ್ರೆ ಎರಡೇ ಕಂಡ್ರೂನೂವೆ ಫ್ಯಾನಿಗೆ ಮೂರು ರೆಕ್ಕೆ ಅಂತ ಮೇಷ್ಟ್ರು ಗುರ್ತು ಹಾಕವ್ರೆ ಅಂತ.'

ನಾನು ಹುಡುಗನ ಕಡೆ ನೋಡಿದೆ. ಅವನು ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದ.

ಮಳೆ ಸಣ್ಣಗಾಗಿತ್ತು. ಬಾಗಿಲಿನಿಂದ ಹೊರಗೆ ನೋಡಿದರೆ ಎದುರಿಗೇ ಯಂತ್ರ, ನಿಧಾನವಾಗಿ ತಿರುಗುತ್ತಿತ್ತು. ಆದರೆ ಮೂರೆಸಳಿನ ಹೂವಿನ ಹಾಗೆ ಅಲ್ಲ. ಕಂಬ, ಅದರ ಮೇಲೆ ಅಡ್ಡ ಡಬ್ಬ, ಡಬ್ಬದ ಎಡತುದಿಗೆ ಒಂದೇ ನೆಟ್ಟಗೆರೆ. ಆ ಗೆರೆ ಮೇಲಕ್ಕೆ ಉದ್ದವಾದಾಗ ಕೆಳಗೆ ಗಿಡ್ಡವಾಗುತ್ತಿತ್ತು. ಕೆಳಗೆ ಉದ್ದವಾದಾಗ ಮೇಲೆ ಗಿಡ್ಡ. ಅಜ್ಜ ಹೇಳಿದರು, 'ಮಳೆಗಾಲ ಪೂರಾ ಹಿಂಗೇ ಕಾಣೋದು ನಮಗೆ. ಪಡುವಲಗಾಳಿ ಅಲ್ವಾ, ಅದರ ಮಕ ಆ ಕಡೀಕೆ. ನಾವಿರೋದು ತೆಂಕಲಿಗೆ. ಹೋದ ತಿಂಗಳು ರಿಪೇರಿ ಅಂತ ಒಂದು ವಾರ ನಿಲ್ಸಿದ್ರು. ಆಗ ಕುಂತು ಬರ್ದ ನೋಡಿ ಇದನ್ನ. ಮೂರು ದಿನ ಬರ್ದ.'

ಭಾವ ಏನೋ ಕೇಳುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ. ಮನೆಯಿಂದ ಕಾಣುವ ನೋಟ ಬರೆಯಿರಿ ಎಂದವನು ನಾನೇ. ಇಡೀ ಕ್ಲಾಸಿನಲ್ಲಿ ಹಾಗೆ ಬರೆದವನು ಒಬ್ಬ. ಅವನಿಗೆ ಮೂರು.

'ಹೌದು ಯಜಮಾನ್ರೇ, ಮೂರು ರೆಕ್ಕೆ' ಎಂದೆ. ಅಷ್ಟೇ ಹೇಳಲು ಆದದ್ದು. ಅಜ್ಜನ ಎದುರು ನಿಜ ಹೇಳಿದ್ದರೆ ಆ ಹುಡುಗ ಹೊದಿಸಿದ್ದನ್ನು ನಾನು ಕಿತ್ತ ಹಾಗಾಗುತ್ತಿತ್ತು. ಅದು ಸರಿಯಾಯಿತೋ ತಪ್ಪಾಯಿತೋ, ಇವತ್ತಿಗೂ ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತದೆ. ಬೆಲ್ಲದ ಕಾಫಿ ಕೊಟ್ಟರು, ಕುಡಿದು ಬಂದೆವು. ಹುಡುಗ ಸ್ಕೂಟರಿನವರೆಗೆ ಬಂದ. 'ನಾಳೆ ಸ್ಕೂಲಲ್ಲಿ ಸಿಗು' ಎಂದೆ. ತಲೆಯಾಡಿಸಿದ.

ಮಾರನೇ ದಿನ ಅಂಕ ತಿದ್ದಿಸಲು ಹೋದರೆ ಪಟ್ಟಿ ಆಗಲೇ ಮೇಲೆ ಹೋಗಿತ್ತು. 'ಡ್ರಾಯಿಂಗ್ ಮಾರ್ಕ್ಸಿಗೆ ಯಾರು ತಲೆ ಕೆಡಿಸ್ಕೋತಾರೆ ಬಿಡಿ ಮೇಷ್ಟ್ರೇ' ಎಂದು ನಕ್ಕರು. ಸರಿ, ಎಂಟನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ಆ ಚಿತ್ರವನ್ನೇ ಬರೆದೆ. ಕಂಬ, ಡಬ್ಬ, ಉದ್ದ ಗೆರೆ, ಅರ್ಧ ಗೆರೆ, ಬಾಗಿದ ಹುಲ್ಲು. 'ಇದು ಏನು?' ಎಂದೆ. ಕೆಲವರಿಗೆ ಹಳೆಯದು ನೆನಪಿತ್ತು, ಕಿಸಕ್ಕೆಂದರು. 'ನಗಬೇಡಿ. ಇದು ಸರಿಯಾಗಿದೆ. ಅವತ್ತು ತಪ್ಪು ಹೇಳಿದ್ದು ನಾನು' ಎಂದೆ. ಕ್ಲಾಸು ತಣ್ಣಗಾಯಿತು. ಮೇಷ್ಟ್ರು ಹಾಗೆ ಹೇಳಿದ್ದು ಅವರಿಗೂ ಹೊಸದು, ನನಗೂ ಹೊಸದು. 'ಇದನ್ನ ನೋಡಿ ಏನೇನು ಗೊತ್ತಾಗುತ್ತೆ ಯಾರಾದರೂ ಹೇಳಿ.' ಯಾರೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಕೊನೆಯ ಬೆಂಚಿನಿಂದ ಅವನ ದನಿ ಬಂತು.

'ಗಾಳಿ ಪಡುವಣದಿಂದ ಬರ್ತೈತೆ ಸಾ.'

ಎದ್ದು ನಿಂತಿರಲಿಲ್ಲ, ಕೂತೇ ಹೇಳಿದ. ನಾನೂ ಎದ್ದೇಳು ಅನ್ನಲಿಲ್ಲ.

ಅವನು ಹೇಳಿದ್ದು ಎಷ್ಟು ದೊಡ್ಡ ಮಾತೆಂದು ನಿಮಗೂ ಬಿಡಿಸಿ ಹೇಳುತ್ತೇನೆ. ಗಾಳಿಯಂತ್ರ ಯಾವಾಗಲೂ ಗಾಳಿ ಬರುವ ಕಡೆಗೇ ಮುಖ ಮಾಡಿ ನಿಲ್ಲುತ್ತದೆ. ಡಬ್ಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಒಂದು ಪುಟ್ಟ ಸಾಧನ ಇರುತ್ತದೆ. ಗಾಳಿ ತಿರುಗಿದರೆ ಒಳಗಿನ ಮೋಟಾರುಗಳು ಇಡೀ ಡಬ್ಬವನ್ನು ಆ ಕಡೆಗೆ ತಿರುಗಿಸುತ್ತವೆ. ಹಳೆಯ ನೆದರ್ಲೆಂಡ್ಸ್ ಯಂತ್ರಗಳಲ್ಲಿ ಆ ಕೆಲಸ ಗಿರಣಿಯವನದೇ. ಹಿಂದೆ ಇಳಿಬಿಟ್ಟ ಉದ್ದನೆಯ ತೊಲೆಯನ್ನು ಎಳೆದು ತಲೆಯನ್ನು ತಿರುಗಿಸುತ್ತಿದ್ದ. ಕಣದಲ್ಲಿ ರಾಗಿ ತೂರಿದ ಅಜ್ಜಂದಿರಿಗೆ ಇದು ಹೊಸದೇನಲ್ಲ. ಗಾಳಿ ಯಾವ ಕಡೆಯದೆಂದು ಒಂದು ಹಿಡಿ ಹೊಟ್ಟು ಹಾರಿಸಿ ನೋಡಿಯೇ ಅಲ್ಲವೇ ನೀವು ಮೊರ ಎತ್ತುತ್ತಿದ್ದದ್ದು?

ಹಾಗಾದರೆ ಈಗ ನಿಮ್ಮ ಚಿತ್ರ ನೋಡಿಕೊಳ್ಳಿ. ಮೂರು ರೆಕ್ಕೆಯೂ ಹೂವಿನ ಹಾಗೆ ಪೂರ್ತಿ ಕಾಣುತ್ತಿವೆ, ಕಂಬ ರೆಕ್ಕೆಗಳ ಹಿಂದಿದೆ ಎಂದರೆ ಯಂತ್ರ ನಿಮ್ಮನ್ನೇ ನೋಡುತ್ತಿದೆ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುತ್ತಿದೆ. ಆಗ ಪಕ್ಕದ ತೆಂಗಿನ ಗರಿ ಎಡಕ್ಕೋ ಬಲಕ್ಕೋ ಹಾರಲು ಸಾಧ್ಯವೇ ಇಲ್ಲ! ಅದು ನಿಮ್ಮಿಂದ ಆಚೆಗೆ ಬಾಗಬೇಕು. ಗರಿ ಬಲಕ್ಕೆ ಹಾರುವ ಹಾಗೆ ಬರೆಯಲೇಬೇಕೆಂದರೆ ಯಂತ್ರವನ್ನು ಪಕ್ಕದಿಂದ ಬರೆಯಬೇಕು, ಆ ಹುಡುಗ ಬರೆದ ಹಾಗೆ. ನಾನು ಮೂವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟವನು. ಅದರಲ್ಲಿ ಹತ್ತಾರು ವರ್ಷ ಬೋರ್ಡಿನ ಮೇಲೆ ಎದುರು ಯಂತ್ರವನ್ನೂ ಅಡ್ಡ ಹಾರುವ ಗರಿಯನ್ನೂ ಒಟ್ಟಿಗೆ ಬರೆದು, ನೋಡಿ ಬರೆಯಿರಿ ಎಂದಿದ್ದೇನೆ.

ಅರ್ಧ ಗೆರೆ ಯಾಕೆ ಎಂದು ಕೇಳುವವರಿಗೆ ಒಂದು ಆಟ. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಒಂದು ಉಂಡೆ ತನ್ನಿ. ಕಡ್ಡಿಪೊರಕೆಯ ಮೂರು ಕಡ್ಡಿ, ಒಂದೇ ಅಳತೆಗೆ ಮುರಿದದ್ದು. ಉಂಡೆಗೆ 12, 4, 8ರ ಜಾಗದಲ್ಲಿ ಚುಚ್ಚಿ. ಎದುರಿನಿಂದ ನೋಡಿದರೆ ಮೂರೆಸಳು. ಈಗ ಒಂದು ಕಣ್ಣು ಮುಚ್ಚಿ, ಉಂಡೆಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸುತ್ತಾ ಬನ್ನಿ. ಕೆಳಗಿನ ಎರಡು ಕಡ್ಡಿಗಳು ಹತ್ತಿರ ಹತ್ತಿರ ಬಂದು ಕೊನೆಗೆ ಒಂದರ ಹಿಂದೆ ಒಂದು ಅಡಗುತ್ತವೆ. ಉಳಿಯುವುದು ಮೇಲೆ ಒಂದು ಪೂರ್ತಿ ಕಡ್ಡಿ, ಕೆಳಗೆ ಅದರ ಅರ್ಧ. ಅಂದಾಜಿನ ಅರ್ಧವಲ್ಲ, ಸರಿಯಾಗಿ ಅರ್ಧ. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಓದಿರುವ ಅಣ್ಣ ಅಕ್ಕ ಮನೆಯಲ್ಲಿದ್ದರೆ ಕೊಸೈನ್ 60 ಡಿಗ್ರಿ ಎಷ್ಟು ಎಂದು ಕೇಳಿ. ಬಾಯಿಪಾಠ ಮಾಡಿದ ಆ ಅರ್ಧ ಎಲ್ಲಿ ಸಿಕ್ಕಿತು ಎಂದು ಅವರಿಗೆ ಈ ಹಿಟ್ಟಿನುಂಡೆ ತೋರಿಸಿ. ಆಮೇಲೆ ಉಂಡೆಯನ್ನು ಅಜ್ಜಿಗೆ ವಾಪಸು ಕೊಡುವ ಮೊದಲು ಕಡ್ಡಿ ಕಿತ್ತುಕೊಡಿ.

ಹಿಟ್ಟು ಬೇಡವೆಂದರೆ ಅಜ್ಜಂದಿರನ್ನು ಹಿಡಿಯಿರಿ. ತೆಂಗಿನ ಗರಿಯ ಗಿರಗಿಟ್ಲೆ ಮಾಡಿ ಜಾಲಿಮುಳ್ಳು ಚುಚ್ಚಿ ಓಡಿದವರು ಅವರು. ಈಗಲೂ ಕೈ ಮರೆತಿರುವುದಿಲ್ಲ. ಗಿರಗಿಟ್ಲೆ ಹಿಡಿದು ಅಂಗಳದಲ್ಲಿ ನಾಲ್ಕು ದಿಕ್ಕಿಗೂ ತಿರುಗಿದರೆ ಯಾವ ದಿಕ್ಕಿಗೆ ಅದು ಜೋರಾಗಿ ಸುತ್ತುತ್ತದೋ, ಗಾಳಿ ಬರುವುದು ಆ ಕಡೆಯಿಂದ.

ಆ ಹುಡುಗ ಹತ್ತನೇ ತರಗತಿ ಮುಗಿಸಿ ಐಟಿಐ ಸೇರಿದನೆಂದು ಕೇಳಿದೆ. ಚಿತ್ರ ಬರೆಯುತ್ತಾನೋ ಇಲ್ಲವೋ ತಿಳಿಯದು. ನಾನು ರಿಟೈರಾಗಿ ಬೇರೆ ಊರಿಗೆ ಬಂದೆ. ಬರುವ ಮೊದಲು ಒಮ್ಮೆ ಆ ಗುಡ್ಡಕ್ಕೆ ಹೋಗಿದ್ದೆ. ಶೆಡ್ಡಿನಲ್ಲಿ ಬೇರೆ ಕಾವಲುಗಾರರಿದ್ದರು. ಗೋಡೆಯ ಮೇಲೆ ಹಾಳೆ ಇರಲಿಲ್ಲ, ಅಗುಳು ಒಣಗಿದ ನಾಲ್ಕು ಕಲೆ ಇದ್ದವು.

ಮಕ್ಕಳೇ, ಈ ವಾರದ ಚಿತ್ರಕ್ಕೆ ಬಣ್ಣ ಬೇಡ, ಪೆನ್ಸಿಲ್ ಸಾಕು. ಗುಡ್ಡದ ಮೇಲೆ ಯಂತ್ರ ಇರುವ ಊರಿನವರು ಮನೆಯ ಮುಂದೆ ಕೂತು, ಅದು ನಿಮಗೆ ಹೇಗೆ ಕಾಣುತ್ತದೋ ಹಾಗೆ ಬರೆಯಿರಿ. ಯಂತ್ರ ಇಲ್ಲದ ಊರಿನವರು ಹಿಟ್ಟಿನುಂಡೆಯನ್ನೋ ಗಿರಗಿಟ್ಲೆಯನ್ನೋ ಪಕ್ಕದಿಂದ ನೋಡಿ ಬರೆಯಿರಿ. ಎಳ್ಳುಕಾಳಿನ ಮನುಷ್ಯನನ್ನು ಮರೆಯಬೇಡಿ. ಹಾಳೆಯ ಹಿಂದೆ ನಿಮ್ಮ ಹೆಸರು, ತರಗತಿ, ಊರು ಬರೆದು, ಬರೆಯುವಾಗ ಗಾಳಿ ಯಾವ ದಿಕ್ಕಿನಿಂದ ಬರುತ್ತಿತ್ತು ಎಂಬುದನ್ನೂ ಬರೆದು ಕಳಿಸಿ. ದಿಕ್ಕು ಗೊತ್ತಾಗದಿದ್ದರೆ ಅಜ್ಜನನ್ನು ಕೇಳಿ. ಮುಂದಿನ ವಾರ ನೀರು ಸೇದುವ ರಾಟೆ ಬರೆಯೋಣ, ಹಗ್ಗ ಯಾವ ಕಡೆಯಿಂದ ಇಳಿಯುತ್ತದೆ ಎಂದು ಈಗಲೇ ನೋಡಿಟ್ಟುಕೊಳ್ಳಿ.